ಗವಿಯೊಳಗಿನ ಮೀನಿಗೆ ಹೆಸರಿಡೋದು ಹೆಂಗ?

ಹೋದ ಸಲ ಇದೇ ಅಂಕಣದಾಗ ಮೇಘಾಲಯದ ಗವಿಮೀನಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಜೈಂತಿಯಾ ಬೆಟ್ಟದ ಉಮ್ ಲಾಡಾವ್ ಅನ್ನೋ ಗವಿಯೊಳಗಿನ ಮೀನು ಅದು, 2019ರಾಗ ಸುದ್ದಿ ಆತು, 2023ರಾಗ ಅದಕ್ಕೊಂದು ಹೆಸರು ಸಿಕ್ತು, 40 ಸೆಂಟಿಮೀಟರಿಗಿಂತ ಉದ್ದ ಬೆಳೆಯೋ ಈ ಮೀನು ಇಲ್ಲಿತನಕ ಗೊತ್ತಿರೋ ಗವಿಮೀನುಗಳೊಳಗ ಎಲ್ಲಕ್ಕಿಂತ ದೊಡ್ಡದು ಅಂತ. ಅಷ್ಟಕ್ಕ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡಿಂದ ಇಷ್ಟು ಪ್ರಶ್ನೆ ಬಂದಾವ, ಒಂದೇ ಸಂಚಿಕ್ಯಾಗ ಎಲ್ಲಾದಕ್ಕೂ ಉತ್ತರ ಬರೆಯಾಕ ಆಗಂಗಿಲ್ಲ, ಆರು ಆರಿಸ್ಕೊಂಡೀನಿ. ಮೊದಲನೇದು ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ, ಅದಕ್ಕ ಅದನ್ನೇ ಮೊದಲು ತಗೋತೀನಿ.

ಅಕ್ಕೋರೆ, ನಾನು ಕುರಿ ಕಾಯೋನು, ಆನೆಗೊಂದಿ ಕಡೆ ಗುಡ್ಡದಾಗ ಕುರಿ ಬಿಡ್ತೀನಿ. ಬ್ಯಾಸಿಗ್ಯಾಗ ಎರಡು ದೊಡ್ಡ ಬಂಡಿ ಸಂದ್ಯಾಗ ತಂಪೈತಿ ಅಂತ ಒಳಗ ಹೋದಾಗ ಅಲ್ಲೊಂದು ನೀರಿನ ಗುಂಡಿ ಕಂಡ್ತು, ಮೊಬೈಲ್ ಟಾರ್ಚ್ ಹಿಡಿದ್ರ ಬೆರಳುದ್ದದ ಬೆಳ್ಳನ ಮೀನು ನಾಕೈದು ಇದ್ವು, ಕಣ್ಣು ಇದ್ದಂಗ ಕಾಣಲಿಲ್ಲ. ಎರಡು ಹಿಡಿದು ಬಾಟಲಿಗೆ ಹಾಕ್ಕೊಂಡು ಬಂದೆ, ಒಂದು ದಾರ್ಯಾಗ ಸತ್ತೋತು, ಇನ್ನೊಂದು ಬಕೀಟ್ನಾಗ ಐತಿ. ಫೋಟೋ ಕಳಿಸೀನಿ. ಇದು ಹೊಸಾ ಜಾತಿ ಏನ್ರಿ? ಟಿವಿಯೋರಿಗೆ ಹೇಳ್ಲೇನು?
— ಓದುಗರು, ಗಂಗಾವತಿ ತಾಲೂಕು

ಅಣ್ಣಾ, ಮೊದಲು ಒಂದು ಕೈ ಮುಗಿದು ಕೇಳ್ಕೋತೀನಿ, ಬಕೀಟ್ನಾಗ ಇರೋದನ್ನ ಬಿಸಿಲಿಗೆ ಇಡಬ್ಯಾಡ್ರಿ, ಅನ್ನ ರೊಟ್ಟಿ ಹಾಕಬ್ಯಾಡ್ರಿ, ನಳದ ನೀರು ಹಾಕಬ್ಯಾಡ್ರಿ, ಅದ್ರಾಗ ಕ್ಲೋರಿನ್ ಇರ್ತೈತಿ. ಎಲ್ಲಿಂದ ತಂದ್ರೋ ಆ ಗುಂಡಿ ನೀರೇ ತಂದು ಹಾಕಿ ಮ್ಯಾಲೆ ಒಂದು ಹಸಿ ಗೋಣಿಚೀಲ ಹೊಚ್ರಿ. ಗುಂಡ್ಯಾಗ ಉಳಿದ ಎರಡು ಮೂರನ್ನ ಮುಟ್ಟಾಕ ಹೋಗಬ್ಯಾಡ್ರಿ. ಟಿವಿಯೋರು ಬಂದ್ರ ನಾಳೆ ಮುಂಜಾನಿ ಆ ಬಂಡಿ ಸಂದ್ಯಾಗ ನೂರು ಮಂದಿ ಇರ್ತಾರ, ಸಂಜಿ ಹೊತ್ತಿಗೆ ಗುಂಡ್ಯಾಗ ಮೀನು ಇರಂಗಿಲ್ಲ, ನೀರೂ ಇರಂಗಿಲ್ಲ. ಜಾಗ ಎಲ್ಲಿ ಅಂತ ನಾನೂ ಇಲ್ಲಿ ಬರೆಯಂಗಿಲ್ಲ.

ನಿಮ್ಮ ಫೋಟೋ ನಾಲ್ಕೂ ದೊಡ್ಡದು ಮಾಡಿ ನೋಡ್ದೆ. ಮೈ ಬೆಳ್ಳಗೈತಿ, ಹೊಟ್ಟಿ ಕಡೆ ಸ್ವಲ್ಪ ಗುಲಾಬಿ, ಬಾಯಿ ಸುತ್ತ ಮೀಸಿ ಅದಾವ, ಮತ್ತ ತಲಿ ಎರಡೂ ಬದಿಗೆ ಚರ್ಮದ ಕೆಳಗ ಸಾಸಿವಿ ಕಾಳಿನಷ್ಟು ಒಂದೊಂದು ಕಪ್ಪು ಚುಕ್ಕಿ ಐತಿ. ಆ ಸಾಸಿವಿ ಕಾಳನ್ನೇ ನಾನು ಭಾಳ ಹೊತ್ತು ನೋಡ್ಕೋತ ಕುಂತಿದ್ದೆ. ಅದು ಕಣ್ಣು. ಅಂದ್ರ ನಿಮ್ಮ ಮೀನಿಗೆ ಕಣ್ಣು ಪೂರ್ತಿ ಇಲ್ಲ ಅಂತಲ್ಲ, ಸಣ್ಣದೈತಿ, ಇಲ್ಲಾ ಚರ್ಮ ಮುಚ್ಚೈತಿ, ಇಲ್ಲಾ ಸತ್ತ ಮೇಲೆ ತೆಗೆದ ಫೋಟೋ ಆದ್ರ ಕಣ್ಣು ಮಂಜಾಗಿ ಹಂಗ ಕಾಣ್ತೈತಿ. ಈ ಮೂರ್ರಾಗ ಯಾವುದು ಅನ್ನೋದು ಜೀವಂತ ಮೀನು ನೋಡಿದ್ರನ ತಿಳಿಯೋದು.

ಬಣ್ಣ ನೋಡಿ ಮೋಸ ಹೋಗಬ್ಯಾಡ್ರಿ. ನಮ್ಮ ಹಳ್ಳದ ಮೀನನ್ನೇ ಕತ್ತಲದಾಗ ಇಟ್ರ ಮೈಬಣ್ಣ ತೆಳುವಾಗ್ತೈತಿ, ಸತ್ತ ಮೀನು ಇನ್ನಷ್ಟು ಬಿಳಿಚಿಕೊಳ್ತೈತಿ. ಮಳಿಗಾಲದಾಗ ಹೊಳಿ ಉಕ್ಕಿ ಬಂಡಿ ಸಂದಿಗೆ ನುಗ್ಗಿದಾಗ ಮರಿ ಒಳಗ ಬಂದು, ನೀರು ಇಳಿದ ಮ್ಯಾಲೆ ಅಲ್ಲೇ ಸಿಕ್ಕೊಂಡಿರೋದೂ ಇರಬಹುದು. ಅದಕ್ಕ ನಾನು ಮೊದಲು ಕೇಳೋದು, ಆ ಗುಂಡಿ ತುಂಗಭದ್ರಾದ ನೆರೆ ಮುಟ್ಟೋ ಮಟ್ಟದಾಗ ಐತೋ, ಅದಕ್ಕಿಂತ ಭಾಳ ಎತ್ತರದಾಗ ಐತೋ? ಎರಡನೇದು, ಆ ನೀರು ಮೇ ತಿಂಗಳದಾಗೂ ಬತ್ತಂಗಿಲ್ಲೇನು? ನಿಮ್ಮ ಅಪ್ಪಾರಿಗೆ, ಊರಾಗಿನ ಹಿರಿಯ ಕುರಿಗಾಹಿಗಳಿಗೆ ಕೇಳ್ರಿ, ಅವರ ನೆನಪು ಯಾವ ದಾಖಲಿಗಿಂತ ಕಡಿಮಿ ಅಲ್ಲ. ಬತ್ತದ ನೀರಾದ್ರ, ನೆರೆ ಮುಟ್ಟದ ಎತ್ತರ ಆದ್ರ, ಆಗ ವಿಷಯ ಬ್ಯಾರೆ.

ಇನ್ನೊಂದು ಮಾತು ಬಿಡಿಸಿ ಹೇಳಬೇಕು. ಗವಿಮೀನು ಅಂತ ಜಗತ್ತಿನಾಗ ಹೆಚ್ಚಿನವು ಸಿಕ್ಕಿರೋದು ಸುಣ್ಣಕಲ್ಲಿನ ನಾಡಿನಾಗ. ಮಳಿ ನೀರು ಸ್ವಲ್ಪ ಹುಳಿ ಇರ್ತೈತಿ, ಸುಣ್ಣಕಲ್ಲನ್ನ ಲಕ್ಷಾಂತರ ವರ್ಷ ಕರಗಿಸಿ ಕರಗಿಸಿ ನೆಲದೊಳಗ ಕಾಲುವೆ, ಕೋಣಿ, ಕೆರಿ ಎಲ್ಲಾ ಮಾಡ್ತೈತಿ. ನಮಗ ಹತ್ತಿರದ್ದು ಅಂದ್ರ ಆಂಧ್ರದ ಬೆಲಂ ಗವಿ, ಬಳ್ಳಾರಿ ಮಂದಿ ಭಾಳಷ್ಟು ಜನ ನೋಡಿರ್ತಾರ, ಮೂರು ಕಿಲೋಮೀಟರಿಗಿಂತ ಉದ್ದ ಐತಿ, ಒಳಗ ಪಾತಾಳಗಂಗಾ ಅಂತ ಬತ್ತದ ನೀರು ಹರಿತೈತಿ. ಆದ್ರ ಆನೆಗೊಂದಿ, ಕೊಪ್ಪಳ, ಮಸ್ಕಿ ಕಡೆ ನಮ್ಮದೆಲ್ಲ ಗ್ರಾನೈಟು, ಕಗ್ಗಲ್ಲು. ಅದು ಹಂಗ ಕರಗಂಗಿಲ್ಲ. ಕೊಪ್ಪಳದ ಗವಿಮಠದ ಹೆಸರಿನಾಗ ಗವಿ ಐತಿ, ಆನೆಗೊಂದಿ ಗುಡ್ಡದಾಗ ಎಲ್ಲಿ ನೋಡಿದ್ರೂ ಗವಿ, ಆದ್ರ ಅವೆಲ್ಲ ಬಂಡಿ ಮ್ಯಾಲೆ ಬಂಡಿ ಕುಂತು ಆದ ಸಂದು, ಕಲ್ಲಾಸರೆ, ಪಾತಾಳದ ತನಕ ಹೋಗೋ ದಾರಿ ಅಲ್ಲ. ನಮ್ಮ ನೆಲದೊಳಗಿನ ನೀರು ಇರೋದು ಕಲ್ಲಿನ ಬಿರುಕಿನಾಗ ಮತ್ತ ಮ್ಯಾಲಿನ ಸವೆದ ಕಲ್ಲಿನ ಪದರದಾಗ.

ಹಂಗಂತ ಇಲ್ಲಿ ಇರಾಕ ಸಾಧ್ಯನೇ ಇಲ್ಲ ಅಂತ ಬಾಗಿಲು ಹಾಕೋ ಹಂಗಿಲ್ಲ. ಕೇರಳದಾಗ ದೊಡ್ಡ ಸುಣ್ಣಕಲ್ಲಿನ ಗವಿನೇ ಇಲ್ಲದ ಕಡೆ, ಮುರಕಲ್ಲಿನ ತೂತಿನೊಳಗಿನ ನೀರಾಗ, ಮನಿ ಹಿತ್ತಲದ ಬಾವ್ಯಾಗ ಒಂದರ ಹಿಂದ ಒಂದು ಕುರುಡು ಮೀನು ಸಿಕ್ಕಾವ, ಮೊದಲನೇದು ಕೊಟ್ಟಾಯಂನ ಬಾವ್ಯಾಗಿಂದು, ಹೊರಾಗ್ಲಾನಿಸ್ ಕೃಷ್ಣೈ, 1950ರಾಗ ಹೆಸರಿಟ್ಟದ್ದು. ಮುಂಬೈದಾಗ ಅಂಧ ಮಕ್ಕಳ ಶಾಲಿ ಬಾವ್ಯಾಗ ಕಣ್ಣಿಲ್ಲದ ಹಾವುಮೀನು ಸಿಕ್ತು, ಅದಕ್ಕ ರಕ್ತಮಿಕ್ಥಿಸ್ ಮುಂಬಾ ಅಂತ ಹೆಸರು ಬಂತು. ಹಿಂಗಾಗಿ ನಾನು ನಿಮಗ ಹೌದು ಅನ್ನಂಗಿಲ್ಲ, ಅಲ್ಲ ಅಂತನೂ ಅನ್ನಂಗಿಲ್ಲ.

ಸತ್ತದ್ದನ್ನ ಚೆಲ್ಲಿಲ್ಲ ತಾನೆ? ಚೆಲ್ಲಿಲ್ಲ ಅಂದ್ರ ಮೆಡಿಕಲ್ ಶಾಪಿನಾಗ ಸರ್ಜಿಕಲ್ ಸ್ಪಿರಿಟ್ ಸಿಗ್ತೈತಿ, ಗಾಜಿನ ಬಾಟಲಿಗೆ ಮೀನು ಮುಳುಗೋವಷ್ಟು ಹಾಕಿ ಮುಚ್ಚಿ ಇಡ್ರಿ. ದಪ್ಪ ಹಾಳಿ ತುಂಡಿನ ಮ್ಯಾಲೆ ಜಾಗ, ತಾರೀಖು, ನಿಮ್ಮ ಹೆಸರು ಪೆನ್ಸಿಲ್‌ನಿಂದ ಬರೆದು ಬಾಟಲಿ ಒಳಗೇ ಹಾಕ್ರಿ, ಪೆನ್ನಿಂದ ಬ್ಯಾಡ. ಬಕೀಟ್ನಾಗಿಂದು ಬಾಗಿಲ ಕಡೆ ಬೆಳಕು ಬಿದ್ರ ಸರಿತೈತೋ ಇಲ್ಲೋ ಅಂತ ಒಂದೇ ಒಂದು ಸಲ ನೋಡ್ರಿ, ಒಂದು ವಿಡಿಯೋ ಮಾಡ್ಕೊಳ್ರಿ, ಆಮೇಲೆ ಅದೇ ಗುಂಡಿಗೆ ಬಿಟ್ಟು ಬರ್ರಿ, ಬ್ಯಾರೆ ಎಲ್ಲಿಗೂ ಅಲ್ಲ. ಪತ್ರಿಕೆಯೋರ ಹತ್ರ ನಿಮ್ಮ ನಂಬರ್ ಐತಿ, ಈ ಸಂಚಿಕಿ ನಿಮ್ಮ ಕೈಗೆ ಬರೋದ್ರೊಳಗ ನಾನೇ ಫೋನ್ ಮಾಡ್ತೀನಿ, ಮೀನು ಓದಿದ ಇಬ್ಬರನ್ನ ಕರ್ಕೊಂಡು ಗಂಗಾವತಿಗೆ ಬರ್ತೀನಿ. ಆ ಗುಂಡಿ ಮೊದಲು ಕಂಡೋರು ನೀವು, ಮುಂದ ಏನೇ ಬರೆದ್ರೂ ಅದನ್ನ ಬರೆಯದೇ ಬಿಡಬಾರದು.

ಮೇಡಂ, ಒಂದು ಮೀನು ಹೊಸ ಪ್ರಭೇದ ಅಂತ ಯಾರು, ಹೆಂಗ ನಿರ್ಧಾರ ಮಾಡ್ತಾರೆ? ಡಿಎನ್‌ಎ ಟೆಸ್ಟ್ ಒಂದು ಮಾಡಿಸಿದ್ರ ಸಾಕಲ್ವಾ? ನಾನು ಬಿಎಸ್ಸಿ ಎರಡನೇ ವರ್ಷ.
— ವಿದ್ಯಾರ್ಥಿನಿ, ಸಿಂಧನೂರು

ಸಾಕಾಗಂಗಿಲ್ಲ ಮಗಳೆ. ಮೀನು ಕಂಡ ಕೂಡಲೇ ಹೊಸದು ಅನ್ನಾಕ ಬರಂಗಿಲ್ಲ, ಹಳೇದೆಲ್ಲ ಗೊತ್ತಿದ್ರನ ಇದು ಹೊಸದು ಅನ್ನಾಕ ಬರೋದು. ಈ ಕೆಲಸದಾಗ ಮುಕ್ಕಾಲು ಭಾಗ ಹಳೇದನ್ನ ಓದೋದ್ರಾಗೇ ಹೋಗ್ತೈತಿ. 1822ರಾಗ ಗಂಗಾನದಿ ಮೀನುಗಳ ಬಗ್ಗೆ ಬರೆದ ಹ್ಯಾಮಿಲ್ಟನ್, 1839ರಾಗ ದಖ್ಖನ್ನಿನ ಮೀನುಗಳ ಬಗ್ಗೆ ಬರೆದ ಸೈಕ್ಸ್, ಇವರೆಲ್ಲ ನಾಲ್ಕೈದು ಸಾಲಿನಾಗ ಒಂದೊಂದು ಮೀನು ವರ್ಣನೆ ಮಾಡಿ ಹೋಗ್ಯಾರ, ಆ ನಾಲ್ಕೈದು ಸಾಲು ಇವತ್ತಿಗೂ ಬಿಡಂಗಿಲ್ಲ, ಹುಡುಕಿ ಓದಿ ತಾಳೆ ನೋಡಬೇಕು. ಹ್ಯಾಮಿಲ್ಟನ್ ಬರೆದ ಮೀನುಗಳಿಗೆ ಜಾಡಿಯೊಳಗ ಇಟ್ಟ ಮೂಲ ಮೀನೇ ಇಲ್ಲ, ಚಿತ್ರ ಅದಾವ ಅಷ್ಟ. ಇನ್ನೂರು ವರ್ಷ ಆತು, ಅವನು ಹೇಳಿದ ಮೀನು ಇದಾ ಅದಾ ಅಂತ ಇವತ್ತಿಗೂ ತಕರಾರು ನಡೆದೈತಿ.

ಅದಕ್ಕ ಈಗ ನಿಯಮ ಬಿಗಿ ಐತಿ. ಹೊಸ ಹೆಸರು ಕೊಡಬೇಕಂದ್ರ ಒಂದು ಮೀನನ್ನ ಇದೇ ಆ ಹೆಸರಿನ ಮೂಲ ಅಂತ ಗೊತ್ತು ಮಾಡಿ ಇಡಬೇಕು, ಅದಕ್ಕ ಹೋಲೋಟೈಪ್ ಅಂತಾರ. ಜೊತಿಗೆ ನೋಡಿದ ಉಳಿದವು ಪ್ಯಾರಾಟೈಪ್. ನಮ್ಮ ದೇಶದಾಗ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸ ಜೀವಿ ಸಿಕ್ಕರ ಸರ್ಕಾರ ಗೊತ್ತು ಮಾಡಿದ ಸಂಗ್ರಹಾಲಯಕ್ಕ ತಿಳಿಸಿ ಮಾದರಿ ಅಲ್ಲಿ ಇಡಬೇಕು, ಕೋಲ್ಕತ್ತಾದಾಗ ಮುಖ್ಯ ಕಚೇರಿ ಇರೋ, 1916ರಾಗ ಶುರುವಾದ ಜೂಲಾಜಿಕಲ್ ಸರ್ವೆ ಆಫ್ ಇಂಡಿಯಾ ಅಂಥದ್ದು.

ಈಗ ಟೇಬಲ್ ಮ್ಯಾಲೆ ಏನು ನಡಿತೈತಿ ಹೇಳ್ತೀನಿ. ಮೀನು ಜೀವಂತ ಇರೋವಾಗಲೇ ಬಣ್ಣದ ಫೋಟೋ, ಯಾಕಂದ್ರ ದ್ರಾವಣಕ್ಕ ಬಿದ್ದ ಮ್ಯಾಲೆ ಬಣ್ಣ ಹೋಗ್ತೈತಿ. ಆಮೇಲೆ ಅಕ್ಕಿ ಕಾಳಿನಷ್ಟು ಮಾಂಸ ಇಲ್ಲಾ ರೆಕ್ಕಿ ತುದಿ ಕತ್ತರಿಸಿ ಅಪ್ಪಟ ಆಲ್ಕೋಹಾಲಿಗೆ, ಅದು ಡಿಎನ್‌ಎಗೆ. ಇದನ್ನ ಮರೆತು ಮೊದಲೇ ಫಾರ್ಮಾಲಿನ್‌ಗೆ, ಅಂದ್ರ ಮೀನು ಕೊಳಿಯದಂಗ ಇಡೋ ದ್ರಾವಣಕ್ಕ, ಹಾಕಿದ್ರ ಡಿಎನ್‌ಎ ಕೆಡ್ತೈತಿ. ಉಳಿದ ಮೀನು 10 ಪರ್ಸೆಂಟ್ ಫಾರ್ಮಾಲಿನ್‌ನಾಗ ಗಟ್ಟಿ ಆಗಿ, ಆಮೇಲೆ ತೊಳೆದು 70 ಪರ್ಸೆಂಟ್ ಆಲ್ಕೋಹಾಲಿಗೆ. ಸೂಕ್ಷ್ಮದರ್ಶಕದ ಕೆಳಗ ಇಟ್ಟು ಸೂಜಿ ಮೊನಿಯಿಂದ ರೆಕ್ಕಿ ಕಡ್ಡಿ ಒಂದೊಂದೇ ಬಿಡಿಸಿ ಎಣಿಸಬೇಕು, ಬೆನ್ನಿನ ರೆಕ್ಕಿ ಎಷ್ಟು, ಹೊಟ್ಟಿ ಹಿಂದಿಂದು ಎಷ್ಟು, ಕೊನೀ ಕಡ್ಡಿ ಬುಡದಾಗ ಎರಡಾಗಿ ಸೀಳಿರ್ತೈತಿ, ಅದನ್ನ ಒಂದು ಅಂತ ಎಣಿಸಿದ್ರಾ ಎರಡು ಅಂತ ಎಣಿಸಿದ್ರಾ ಅದನ್ನೂ ಬರೆಯಬೇಕು. ಮೈ ಬದಿಗೆ ಹೋಗೋ ಗೆರಿ ಮ್ಯಾಲಿನ ಹುರುಪೆ ಎಣಿಸಬೇಕು, ಮೀಸಿ ಎಷ್ಟು, ಎಕ್ಸ್‌ರೇ ತೆಗೆದು ಬೆನ್ನೆಲುಬಿನ ಮಣಿ ಎಷ್ಟು. ವರ್ನಿಯರ್ ಕ್ಯಾಲಿಪರ್ ಹಿಡಿದು ಮೂತಿಯಿಂದ ಬಾಲದ ಬುಡದ ತನಕ ಅಳತಿ, ಬಾಲ ಸೇರಿಸೋ ಹಂಗಿಲ್ಲ, ಬಾಲ ಹರಿದಿರ್ತೈತಿ. ತಲಿ ಉದ್ದ ಮೈ ಉದ್ದದ ಎಷ್ಟು ಪಾಲು, ಕಣ್ಣಿನ ಅಗಲ ತಲಿಯ ಎಷ್ಟು ಪಾಲು, ಹಿಂಗ ಪಾಲು ಲೆಕ್ಕ ಹಾಕಿದ್ರನ ಸಣ್ಣ ಮೀನು ದೊಡ್ಡ ಮೀನು ಒಂದೇ ತಕ್ಕಡ್ಯಾಗ ತೂಗಾಕ ಬರೋದು. ಒಂದೇ ಮೀನಿನ ಮ್ಯಾಲೆ ಒಂದು ದಿನ ಹೋಗ್ತೈತಿ, ಕಣ್ಣು ಉರಿತಾವ, ಆದ್ರ ಆ ದಿನ ಮುಗಿಯೋ ಹೊತ್ತಿಗೆ ಆ ಮೀನು ನಮ್ಮ ಮನಿ ಮಂದಿಯಂಗ ಪರಿಚಯ ಆಗಿರ್ತೈತಿ.

ಡಿಎನ್‌ಎ ಬಗ್ಗೆ ಕೇಳಿದಿ. ಸಿಒಐ ಅನ್ನೋ ಒಂದು ಜೀನಿನ ಸುಮಾರು 650 ಅಕ್ಷರ ಓದಿ ಗೊತ್ತಿರೋ ಮೀನುಗಳ ಜೊತಿ ಹೋಲಿಸ್ತಾರ, ಬಾರ್‌ಕೋಡ್ ಅಂತಾರ ಅದಕ್ಕ. ಇದು ಎಷ್ಟು ಬೇಕು, ಎಷ್ಟು ಸಾಲಂಗಿಲ್ಲ ಅನ್ನೋದಕ್ಕ ಎರಡು ಮೀನಿನ ಕಥಿ ಹೇಳ್ತೀನಿ, ಎರಡನ್ನೂ ಜೊತಿಗೆ ನೆನಪಿಟ್ಟುಕೋ.

ಮೆಕ್ಸಿಕೋದ ಗವಿಯೊಳಗಿನ ಕುರುಡು ಮೀನು ನೋಡಿ 1936ರಾಗ ಇಬ್ಬರು ವಿಜ್ಞಾನಿಗಳು ಇದು ಎಲ್ಲಾದಕ್ಕಿಂತ ಬ್ಯಾರೆ ಅಂತ ಹೊಸ ಜಾತಿ ಅಷ್ಟ ಅಲ್ಲ, ಹೊಸ ಜೀನಸ್ಸೇ (ಹತ್ತಿರದ ಜಾತಿಗಳೆಲ್ಲ ಸೇರಿದ ಕುಲ) ಮಾಡಿ ಅನಾಪ್ಟಿಕ್ಥಿಸ್ ಅಂತ ಹೆಸರಿಟ್ರು. ಬೆಳ್ಳನ ಮೈ, ಕಣ್ಣಿಲ್ಲ, ಯಾರು ನೋಡಿದ್ರೂ ಹಂಗೇ ಅಂತಿದ್ರು. ಆಮೇಲೆ ನೋಡಿದ್ರ ಅದು ಹೊರಗಿನ ಹೊಳಿಯಾಗಿರೋ ಕಣ್ಣಿರೋ ಆಸ್ಟಿಯಾನಾಕ್ಸ್ ಮೀನಿನ ಜೊತಿ ಕೂಡಿ ಮರಿ ಮಾಡ್ತೈತಿ, ಆ ಮರಿಗೂ ಮರಿ ಆಗ್ತಾವ. ಈಗ ಹೆಚ್ಚಿನವರು ಎರಡನ್ನೂ ಒಂದೇ ಜಾತಿ ಅಂತ ಎಣಿಸ್ತಾರ.

ಇದಕ್ಕ ಪೂರ್ತಿ ಉಲ್ಟಾ ಕೇರಳದ ಹೊರಾಗ್ಲಾನಿಸ್. ಅಂಗೈಯಾಗ ನಾಲ್ಕು ಇಡಬಹುದು, ಅಷ್ಟು ಸಣ್ಣದು, ಕಣ್ಣಿಲ್ಲ, ಚರ್ಮದಾಗ ಬಣ್ಣ ಇಲ್ಲದ್ದಕ್ಕ ಒಳಗಿನ ರಕ್ತ ಕಂಡು ಕೆಂಪಗ ಕಾಣ್ತೈತಿ. ಬ್ಯಾರೆ ಬ್ಯಾರೆ ಊರಿನ ಬಾವಿಯಿಂದ ತಂದ ಮೀನು ಪಕ್ಕ ಪಕ್ಕ ಇಟ್ರ ಅವಳಿ ಜವಳಿಯಂಗ ಅದಾವ, ಆದ್ರ ಡಿಎನ್‌ಎ ನೋಡಿದ್ರ ಭಾಳ ಹಿಂದೇನೇ ಬ್ಯಾರೆ ಆದ ವಂಶಗಳು. ಕತ್ತಲದಾಗ ಬದಲಾಗೋ ಕಾರಣನೇ ಇಲ್ಲದ್ದಕ್ಕ ರೂಪ ಹಂಗೇ ನಿಂತೈತಿ, ಒಳಗಿನ ಬರಹ ಮಾತ್ರ ಬದಲಾಗೈತಿ. ಹಿಂಗ 2023ರಾಗ ಒಂದು ಹೊಸ ಜಾತಿ ಗೊತ್ತಾತು, ಹೊರಾಗ್ಲಾನಿಸ್ ಪಾಪ್ಯುಲೈ, ಲ್ಯಾಟಿನ್ನಿನಾಗ ಅದರ ಅರ್ಥ ಜನರದು ಅಂತ. ಯಾಕಂದ್ರ ಬಾವಿ ತೊಳೆಯೋವಾಗ, ನಳದಾಗ, ಬಕೀಟ್ನಾಗ ಮೀನು ಕಂಡು ತಿಳಿಸಿದೋರು ಊರಿನ ಸಾಮಾನ್ಯ ಜನ.

ಒಂದು ಕಡೆ ಕಣ್ಣು ಸುಳ್ಳು ಹೇಳ್ತು, ಇನ್ನೊಂದು ಕಡೆನೂ ಕಣ್ಣೇ ಸುಳ್ಳು ಹೇಳ್ತು. ಅದಕ್ಕ ಎಲುಬು, ಎಣಿಕಿ, ಡಿಎನ್‌ಎ, ಇರೋ ಜಾಗ, ನಾಲ್ಕನ್ನೂ ಕೂಡಿಸಿ ನೋಡ್ತಾರ. ಮೇಘಾಲಯದ ದೊಡ್ಡ ಮೀನಿಗೂ ಹಂಗೇ ಆತು, ಮೊದಲು ಹಿಮಾಲಯದ ಬಂಗಾರದ ಮಹಶೀರಿನ ಹತ್ತಿರದ್ದು ಅಂತ ತಿಳಿದಿದ್ರು, ಸರಿಯಾಗಿ ನೋಡಿದಾಗ ಬ್ಯಾರೆ ಜೀನಸ್ಸು, ನಿಯೋಲಿಸ್ಸೋಕೈಲಸ್. ಅಲ್ಲಿ ಬದುಕೋ ಪ್ನಾರ್ ಜನರ ಹೆಸರನ್ನೇ ಅದಕ್ಕ ಇಟ್ರು, ನಿಯೋಲಿಸ್ಸೋಕೈಲಸ್ ಪ್ನಾರ್. ನನಗ ಆ ಹೆಸರು ಭಾಳ ಹಿಡಿಸ್ತು.

ಯಾರು ನಿರ್ಧಾರ ಮಾಡ್ತಾರ ಅಂದಿ. ಒಂದು ಆಫೀಸು, ಒಂದು ಸಿಕ್ಕಾ ಇಲ್ಲ. ಬರೆದು ವಿಜ್ಞಾನ ಪತ್ರಿಕಿಗೆ ಕಳಿಸಬೇಕು, ಅದೇ ಮೀನಿನ ಬಗ್ಗೆ ತಿಳಿದೋರು ಓದಿ ತಪ್ಪು ಹುಡುಕ್ತಾರ, ಅಚ್ಚಾದ ಮ್ಯಾಲೆ ಹೆಸರು ಜೀವ ಪಡಿತೈತಿ. ಮುಂದ ಯಾರಾದ್ರೂ ಇದು ಹಳೇದೇ ಅಂತ ತೋರಿಸಿಕೊಟ್ರ ಆ ಹೆಸರು ಬಿದ್ದೋಗ್ತೈತಿ, ಮೊದಲು ಇಟ್ಟ ಹೆಸರಿಗೆ ಹಕ್ಕು.

ಮಗಳೆ, ನಿನಗ ಒಂದು ನನ್ನ ಅನುಭವ ಹೇಳಬೇಕು. ಎಂಎಸ್ಸಿ ಮಾಡೋವಾಗ ತುಂಗಭದ್ರಾ ಡ್ಯಾಮಿನ ಹಿನ್ನೀರಿನಾಗ ಮೂರು ತಿಂಗಳು ಮೀನುಗಾರರ ತೆಪ್ಪದಾಗ ಕುಂತು ಮೀನು ಕೂಡಿಸಿದ್ದೆ, ಅರವತ್ತಕ್ಕೂ ಹೆಚ್ಚು ಬಾಟಲಿ. ಚೀಟಿ ಮಾತ್ರ ಬಾಲ್‌ಪೆನ್ನಿಂದ ಬರೆದಿದ್ದೆ, ಯಾರೂ ಹೇಳಿರಲಿಲ್ಲ. ದಸರಾ ಸೂಟಿ ಮುಗಿಸಿ ಬಂದು ನೋಡ್ತೀನಿ, ಸ್ಪಿರಿಟ್ ಎಲ್ಲಾ ನೀಲಿ ಆಗೈತಿ, ಚೀಟಿ ಬೆಳ್ಳಗೈತಿ. ಮೀನು ಅದಾವ, ಎಲ್ಲಿಂದ ಬಂದ್ವು ಅನ್ನೋದು ಹೋತು. ನಮ್ಮ ಗೈಡ್ ಒಂದೊಂದೇ ಬಾಟಲಿ ಬೆಳಕಿಗೆ ಹಿಡಿದು ನೋಡಿ "ಊರಿಲ್ಲದ ಮೀನಿಗೆ ಹೆಸರೂ ಇಲ್ಲವ್ವ" ಅಂದ್ರು. ಬೈಯಲಿಲ್ಲ, ಅಷ್ಟೇ ಅಂದ್ರು. ಅವತ್ತಿಂದ ನನ್ನ ಬ್ಯಾಗಿನಾಗ ಪೆನ್ಸಿಲ್ ಇಲ್ಲದ ದಿನ ಇಲ್ಲ.

ಗವ್ಯಾಗ ಇದ್ದ ಮಾತ್ರಕ್ಕ ಕಣ್ಣು ಹೆಂಗ ಹೋಗ್ತಾವ? ಬಳಸಲಿಲ್ಲ ಅಂದ್ರ ಹೋಗಿಬಿಡ್ತಾವಾ?
— ನಿವೃತ್ತ ಶಿಕ್ಷಕರು, ಸಿರುಗುಪ್ಪ

ಸರ್, ಬಳಸದೇ ಇದ್ದದ್ದಕ್ಕ ಹೋಗ್ತಾವ ಅಂತ ನಾವೂ ಸಾಲ್ಯಾಗ ಹಂಗೇ ಕಲಿತಿದ್ವಿ. ಒಂದು ಮೀನು ಕಣ್ಣು ಬಳಸಲಿಲ್ಲ ಅಂತ ಅದರ ಮರಿಗೆ ಕಣ್ಣು ಕಡಿಮಿ ಆಗಂಗಿಲ್ಲ. ಹೊರಗ ಬೆಳಕಿನಾಗ ಕಣ್ಣಿನ ಜೀನ್ ಕೆಟ್ಟ ಮರಿ ಹುಟ್ಟಿದ್ರ ಅದು ಬ್ಯಾರೆಯವುಗಳ ಬಾಯಿಗೆ ಬಿದ್ದು ಹೋಗ್ತೈತಿ. ಗವ್ಯಾಗ ಹಂಗಲ್ಲ, ಅಲ್ಲಿ ಕಣ್ಣಿಲ್ಲದ್ದೂ ಬದುಕ್ತೈತಿ, ಕೆಲವು ಸಲ ಚೊಲೋನೇ ಬದುಕ್ತೈತಿ, ಯಾಕಂದ್ರ ಕಣ್ಣು ಸಾಕೋದು ಅಗ್ಗದ ಕೆಲಸ ಅಲ್ಲ. ಅದೇ ಮೆಕ್ಸಿಕೋದ ಮೀನಿನ ಮ್ಯಾಲೆ 2015ರಾಗ ಲೆಕ್ಕ ಹಾಕ್ಯಾರ, ಸುಮ್ಮನ ಇದ್ದಾಗ ಮೈ ಖರ್ಚು ಮಾಡೋ ಶಕ್ತಿಯೊಳಗ ಕಣ್ಣು ಮತ್ತ ಅದಕ್ಕ ಬೇಕಾದ ಮಿದುಳು ಸೇರಿ 5ರಿಂದ 15 ಪರ್ಸೆಂಟ್ ತಿಂತಾವ, ಸಣ್ಣ ಮೀನಿಗೆ ಈ ಹೊರೆ ಜಾಸ್ತಿ. ಗವಿಯೊಳಗ ಗಿಡ ಬೆಳೆಯಂಗಿಲ್ಲ, ಮಳಿಗಾಲದಾಗ ಕೊಚ್ಚಿ ಬಂದ ಎಲಿ, ಬಾವಲಿ ಹಿಕ್ಕಿ, ಅದೇ ಊಟ. ಅಂಥಲ್ಲಿ ನೂರಕ್ಕ ಹದಿನೈದು ರೂಪಾಯಿ ಉಳಿತಾಯ ಅಂದ್ರ ಎಷ್ಟು ದೊಡ್ಡದು ನೋಡ್ರಿ.

ಇದರಾಗ ನನಗ ಮೈ ಜುಮ್ ಅನ್ನಿಸೋದು ಏನಂದ್ರ, ಆ ಕುರುಡು ಮೀನಿನ ತತ್ತಿಯೊಳಗ ಕಣ್ಣು ಶುರು ಆಗೇ ಆಗ್ತೈತಿ. ಗುಂಡು ಕಟ್ಟತೈತಿ, ಮಸೂರ ಬರ್ತೈತಿ, ಆಮೇಲೆ ಮಸೂರದ ಕೋಶಗಳು ತಾವೇ ಸಾಯ್ತಾವ, ಕಣ್ಣು ಒಳಗ ಕುಸಿತೈತಿ, ಚರ್ಮ ಮುಚ್ಚತೈತಿ. 2000ದಾಗ ಇಬ್ಬರು ವಿಜ್ಞಾನಿಗಳು ಹೊರಗಿನ ಮೀನಿನ ಭ್ರೂಣದಿಂದ ಆ ಮಸೂರ ತೆಗೆದು ಗವಿಮೀನಿನ ಭ್ರೂಣಕ್ಕ ಕೂಡಿಸಿದ್ರು, ಆ ಕಡೆ ಕಣ್ಣು ಬೆಳಿತು. 2008ರಾಗ ಇನ್ನೊಂದು ಗೊತ್ತಾತು, ಒಂದು ಗವಿಯ ಕುರುಡು ಮೀನನ್ನ ದೂರದ ಇನ್ನೊಂದು ಗವಿಯ ಕುರುಡು ಮೀನಿನ ಜೊತಿ ಕೂಡಿಸಿದ್ರ ಕೆಲವು ಮರಿಗೆ ಕಣ್ಣು ಕಂಡ್ವು. ಅಪ್ಪ ಕುರುಡು, ಅವ್ವ ಕುರುಡು, ಮರಿ ನೋಡ್ತೈತಿ. ಒಂದೊಂದು ಗವಿಯೊಳಗ ಕೆಟ್ಟಿರೋ ಜೀನ್ ಬ್ಯಾರೆ ಬ್ಯಾರೆ, ಒಂದರ ಕೊರತಿ ಇನ್ನೊಂದು ತುಂಬ್ತು. ಸರ್, ನೀವು ಎಷ್ಟೋ ವರ್ಷ ಪಾಠ ಹೇಳಿದೋರು, ಆನುವಂಶಿಕತೆ ಹೇಳಾಕ ಇದಕ್ಕಿಂತ ಚೊಲೋ ಉದಾಹರಣೆ ನನಗಂತೂ ಸಿಕ್ಕಿಲ್ಲ.

ನಮ್ಮ ಜಿಲ್ಲಾದಾಗ ಸಿಕ್ಕ ಮೀನಿಗೆ ನಮ್ಮ ಊರ ಹೆಸರು ಇಡಬಹುದಾ? ಸಿಕ್ಕವರ ಹೆಸರು?
— ಓದುಗರು, ಬಳ್ಳಾರಿ

ಧಾರಾಳ ಇಡಬಹುದು. 1758ರಾಗ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ ಹಾಕಿಕೊಟ್ಟ ಪದ್ಧತಿ, ಎರಡು ಮಾತಿನ ಹೆಸರು, ಮೊದಲನೇದು ಜೀನಸ್, ಅದು ನಮ್ಮ ಅಡ್ಡಹೆಸರಿನಂಗ ಸಂಬಂಧಿಕರಿಗೆಲ್ಲ ಒಂದೇ, ಎರಡನೇದು ಆ ಜಾತಿದು. ಊರಿನ ಹೆಸರಾದ್ರ ಕೊನಿಗೆ ಎನ್ಸಿಸ್ ಅಂತ ಹಚ್ಚತಾರ. ಮೇಘಾಲಯದ ಸಿಜು ಗವಿ ಮೀನು ಶಿಸ್ಟುರಾ ಸಿಜುಎನ್ಸಿಸ್, ಹಂಗ ಬಳ್ಳಾರಿಎನ್ಸಿಸ್ ಅಂತ ಆಗ್ತೈತಿ. ಗಂಡಸರ ಹೆಸರಿಗೆ ಕೊನಿಗೆ ಐ, ಹೆಂಗಸರ ಹೆಸರಿಗೆ ಏ. ಹೆಸರಿಡೋರು ತಮ್ಮ ಹೆಸರು ತಾವೇ ಇಟ್ಕೊಳ್ಳಂಗಿಲ್ಲ, ಅದು ಈ ಕಸುಬಿನ ಮರ್ಯಾದಿ. ಕೋಳಿಕ್ಕೋಡಿನ ಬಾವ್ಯಾಗ ಸಿಕ್ಕ ದಾರದಂಥ ಸಣ್ಣ ಮೀನಿಗೆ 2019ರಾಗ ಪಾಂಜಿಯೋ ಭುಜಿಯಾ ಅಂತ ಇಟ್ಟಾರ, ನಾವು ಚಹಾದ ಜೊತಿ ತಿನ್ನೋ ಭುಜಿಯಾ ಸೇವೇ ಅದು, ನೋಡಾಕ ಹಂಗೇ ಐತಿ ಅಂತ.

ನನ್ನ ಕೇಳಿದ್ರ ನಾನು ಜಾಗದ ಹೆಸರಿಗಿಂತ ಆ ಜಾಗದ ಜನರ ಮಾತಿನ ಹೆಸರನ್ನ ಇಷ್ಟಪಡ್ತೀನಿ. ನಮ್ಮ ಬೆಸ್ತರು, ಅಂಬಿಗರು ಒಂದೊಂದು ಮೀನಿಗೂ ಒಂದೊಂದು ಹೆಸರು ಇಟ್ಟಾರ, ಅವು ಬರೆದಿಲ್ಲ ಅಷ್ಟ.

ಬೋರಿನ ನೀರು ಸಿಂಟೆಕ್ಸಿಗೆ ಏರಿಸ್ತೀವಿ, ಹೋದ ವಾರ ನಳದಾಗ ಕೆಂಪನ್ನ ಎಳಿ ಎಳಿ ಹುಳ ಬಂದ್ವು, ಅಲುಗಾಡ್ತಿದ್ವು. ಇವೂ ಪಾತಾಳದ ಮೀನಾ?
— ಗೃಹಿಣಿ, ಕುಷ್ಟಗಿ

ತಂಗಿ, ಹೆಚ್ಚಾಗಿ ಅವು ಮೀನಲ್ಲ. ಒಂದು ಬಿಳಿ ತಟ್ಟಿಗೆ ನೀರು ಹಾಕಿ ಅದರಾಗ ಬಿಟ್ಟು ನೋಡು. ಮೈ ಗಣಿಕಿ ಗಣಿಕಿ ಆಗಿದ್ದು, ಎಂಟರ ಆಕಾರ ಮಾಡ್ಕೋತ ಹೊರಳಾಡಿದ್ರ ಅದು ಕಚ್ಚದ ಒಂದು ಜಾತಿ ಸೊಳ್ಳಿಯಂಥ ನೊಣದ ಮರಿಹುಳ. ಸಿಂಟೆಕ್ಸಿನ ಮುಚ್ಚಳ ಸರಿ ಇಲ್ಲ ಅಂದ್ರ ಒಳಗ ಬಂದು ತತ್ತಿ ಇಡ್ತೈತಿ. ಟ್ಯಾಂಕ್ ತೊಳೆದು, ಮುಚ್ಚಳ ಮತ್ತ ಗಾಳಿ ಪೈಪಿಗೆ ಜಾಳಗಿ ಕಟ್ಟಿ ಬಿಡು.

ಆದ್ರ ಗಣಿಕಿ ಇಲ್ಲದ್ದು, ತಲಿ ಬ್ಯಾರೆ ಕಂಡು, ಕಿವಿರು ಉಸಿರಾಡಿದಂಗ ಆಡ್ತಿದ್ರ, ಬಾಲದ ಕಡೆ ತೆಳುವಾದ ರೆಕ್ಕಿ ಇದ್ರ ಚೆಲ್ಲಬ್ಯಾಡ, ಫೋಟೋ ಕಳಿಸು. ಕೇರಳದ ಚೆಂಗನ್ನೂರಿನಾಗ ಒಬ್ಬರ ಮನಿ ಟ್ಯಾಂಕಿನ ನೀರಾಗ ಜಳಕ ಮಾಡೋವಾಗ ಹಿಂಗೇ ಕೆಂಪನ್ನ ಎಳಿ ಬಂತು, ಅವರು ಚೆಲ್ಲದೇ ಗಾಜಿನಾಗ ಇಟ್ಟು ತಿಳಿದೋರಿಗೆ ತೋರಿಸಿದ್ರು, ಅದು ಪಾಂಜಿಯೋ ಪಾತಾಳ ಅನ್ನೋ ಹೊಸ ಮೀನಾತು, 2022ರಾಗ. ಆ ಹೆಸರಿನಾಗಿರೋ ಪಾತಾಳ ನಮ್ಮ ಪಾತಾಳನೇ.

ಕಣ್ಣಿಲ್ಲದ ಮೀನು ನಿದ್ದಿ ಮಾಡ್ತೈತಾ ಟೀಚರ್? ಅದಕ್ಕ ರಾತ್ರಿ ಆಗೈತಿ ಅಂತ ಹೆಂಗ ಗೊತ್ತಾಗತೈತಿ?
— ಐದನೇ ತರಗತಿ, ಲಿಂಗಸುಗೂರು

ಪುಟ್ಟಾ, ಇದೇ ಪ್ರಶ್ನೆನ ದೊಡ್ಡ ವಿಜ್ಞಾನಿಗಳೂ ಕೇಳ್ಯಾರ. ಮೆಕ್ಸಿಕೋದ ಗವಿಮೀನು ನಿದ್ದಿ ಮಾಡ್ತಾವ, ಆದ್ರ ಹೊರಗಿನ ತಮ್ಮ ಅಣ್ಣ ತಮ್ಮಂದಿರಿಗಿಂತ ಭಾಳ ಕಡಿಮಿ, ಇದು 2011ರಾಗ ಗೊತ್ತಾತು. ಮೀನಿಗೆ ರೆಪ್ಪಿ ಇರಂಗಿಲ್ಲ, ಹಂಗಾದ್ರ ನಿದ್ದಿ ಮಾಡೈತಿ ಅಂತ ಹೆಂಗ ತಿಳಿಯೋದು? ಅಲುಗಾಡದೇ ಒಂದು ಕಡೆ ನಿಂತಿರ್ತೈತಿ, ಗಾಜಿಗೆ ಮೆಲ್ಲಗ ತಟ್ಟಿದ್ರ ತಕ್ಷಣ ಓಡಂಗಿಲ್ಲ, ಜೋರಾಗಿ ತಟ್ಟಿದ್ರ ಎಚ್ಚರ ಆಗ್ತೈತಿ, ನಿನ್ನನ್ನ ಮುಂಜಾನಿ ನಿಮ್ಮ ಅವ್ವ ಎಬ್ಬಿಸಿದಂಗ. ರಾತ್ರಿ ಹಗಲು ಅನ್ನೋದು ಗವಿಯೊಳಗ ಇಲ್ಲ, ಯಾವಾಗ ಊಟ ತೇಲಿ ಬರ್ತೈತೋ ಗೊತ್ತಿಲ್ಲ, ಅದಕ್ಕ ಹೆಚ್ಚು ಹೊತ್ತು ಎದ್ದಿದ್ದು ಹುಡುಕ್ತಿರ್ತೈತಿ. ಕಣ್ಣಿನ ಬದಲಿಗೆ ಮೈ ಮ್ಯಾಲೆಲ್ಲ ಸಣ್ಣ ಸಣ್ಣ ಉಬ್ಬು ಅದಾವ, ನೀರು ಕೂದಲೆಳಿಯಷ್ಟು ಅಲುಗಿದ್ರೂ ಅವಕ್ಕ ತಿಳಿತೈತಿ.

ನಿನ್ನ ಪತ್ರದಾಗ ನೀನು ಬರೆದ ಮೀನಿನ ಚಿತ್ರ ನೋಡ್ದೆ. ಕಣ್ಣಿನ ಜಾಗ ಖಾಲಿ ಬಿಟ್ಟು ಮೈ ಮ್ಯಾಲೆ ಚುಕ್ಕಿ ಇಟ್ಟೀಯಲ್ಲ, ಅದು ಸರಿ ಐತಿ. ಚಿತ್ರದ ಕೆಳಗ ತಾರೀಖು, ಊರು ಪೆನ್ಸಿಲ್‌ನಿಂದ ಬರೆದೀ, ಅದನ್ನ ನಾನು ನನ್ನ ಟೇಬಲ್ ಗಾಜಿನ ಕೆಳಗ ಇಟ್ಟೀನಿ.